ಸ್ಕೂಬಾ ಸಿಲಿಂಡರಿಗೆ ಮನೆಯಲ್ಲೇ ಗಾಳಿ ತುಂಬಿಕೊಳ್ಳಬಹುದೇ?

ಪ್ರಶ್ನೆ: ಭಟ್ಕಳದ ಹತ್ತಿರ ಇರುವವನು. ಡೈವಿಂಗ್ ಕಲಿತು ಸರ್ಟಿಫಿಕೇಟ್ ಪಡೆದಿದ್ದೇನೆ, ನೇತ್ರಾಣಿ ದ್ವೀಪಕ್ಕೆ ಆಗಾಗ ಹೋಗುತ್ತೇನೆ. ಸ್ವಂತದ್ದು ಎರಡು ಅಲ್ಯುಮಿನಿಯಂ ಸಿಲಿಂಡರ್ ಇವೆ, 80 ಘನ ಅಡಿಯವು. ಗಾಳಿ ತುಂಬಿಸಲು ಪ್ರತಿ ಸಲ ಬೇರೆಯವರ ಬಾಗಿಲಿಗೆ ಹೋಗುವುದು ಸಾಕಾಗಿದೆ. ಗುಜರಿಯಿಂದ ಎರಡು ಹಳೆ ಫ್ರಿಜ್ ಕಂಪ್ರೆಸರ್ ತಂದಿಟ್ಟಿದ್ದೇನೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿಯನ್ನು ಇವಕ್ಕೆ ಒಂದರ ನಂತರ ಒಂದರಂತೆ ಕೊಟ್ಟರೆ 200 ಬಾರ್ ಒತ್ತಡ ಬರುತ್ತದೆಯೇ? ಆಗದಿದ್ದರೆ ಏರ್‌ಗನ್ನಿಗೆಂದು ಆನ್‌ಲೈನಿನಲ್ಲಿ ಮಾರುವ 300 ಬಾರ್ ಕಂಪ್ರೆಸರ್ ಕೊಂಡು, 2 ಇಂಚಿನ ಜಿಐ ಪೈಪಿನೊಳಗೆ ಇದ್ದಿಲು ತುಂಬಿ ಫಿಲ್ಟರ್ ಮಾಡಿಕೊಳ್ಳುವ ಯೋಚನೆ. ಸಿಡಿಯುವ ಭಯ ಒಂದಿದೆ. ಅದು ಬಿಟ್ಟು ಬೇರೆ ಅಪಾಯ ಇದೆಯೇ?

ಉತ್ತರ: ಫ್ರಿಜ್ ಕಂಪ್ರೆಸರ್ ಬೇಡವೇ ಬೇಡ. ಏರ್‌ಗನ್ ಕಂಪ್ರೆಸರ್ ಉಸಿರಾಡುವ ಗಾಳಿಗೆ ಬೇಡ. ಜಿಐ ಪೈಪಿನ ಫಿಲ್ಟರ್ ಯಾವ ಕಂಪ್ರೆಸರಿಗೂ ಬೇಡ. ಡೈವಿಂಗಿಗೆಂದೇ ತಯಾರಾದ ಮೂರು ಅಥವಾ ನಾಲ್ಕು ಸ್ಟೇಜಿನ (ಗಾಳಿಯನ್ನು ಅಷ್ಟು ಹಂತಗಳಲ್ಲಿ ಒತ್ತುವ) ಹಳೆ ಕಂಪ್ರೆಸರ್ ಬ್ಲಾಕ್, ಅಂದರೆ ಪಿಸ್ಟನ್ನು, ವಾಲ್ವು ಇರುವ ಮುಖ್ಯ ಭಾಗ, ಸಿಕ್ಕರೆ ಅದಕ್ಕೆ ಮೋಟರು, ಚೌಕಟ್ಟು, ಬೆಲ್ಟು, ಗಾಳಿ ಎಳೆಯುವ ಹೋಸು ಇಷ್ಟನ್ನು ಮನೆಯಲ್ಲಿ ಕಟ್ಟಿಕೊಳ್ಳಬಹುದು. ಹಾಗೆ ನೋಡಿದರೆ ‘ಮನೆಯಲ್ಲಿ ಮಾಡಿದ ಕಂಪ್ರೆಸರ್’ ಎಂದು ಹೆಸರಾದವುಗಳಲ್ಲಿ ವರ್ಷಗಟ್ಟಲೆ ಓಡಿದವು ಹೆಚ್ಚಾಗಿ ಈ ಜಾತಿಯವೇ. ಸೋವಿಯತ್ ಕಾಲದ ಹವ್ಯಾಸಿ ಡೈವರುಗಳು ಎಕೆ-150 ಎಂಬ 150 ಬಾರಿನ ವಿಮಾನ ಕಂಪ್ರೆಸರನ್ನು ಹುಡುಕಿ ತಂದು ಮೋಟರಿಗೆ ಜೋಡಿಸುತ್ತಿದ್ದರು. ಪಿಸ್ಟನ್ನು, ವಾಲ್ವು ಕಾರ್ಖಾನೆಯದ್ದು, ಕೈಕೆಲಸ ಹೊರಗಿನದ್ದು ಮಾತ್ರ.

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇವೆ. ಸಿಡಿಯುವ ಭಯ ಎಲ್ಲರಿಗೂ ಇರುತ್ತದೆ, ಆದ್ದರಿಂದ ಅದಕ್ಕೆ ಏನಾದರೂ ಎಚ್ಚರಿಕೆ ಮಾಡಿಕೊಂಡಿರುತ್ತಾರೆ. ಯಾರೂ ಲೆಕ್ಕಕ್ಕೆ ಹಿಡಿಯದ ಅಪಾಯ ಬಿಸಿ.

ಸೈಕಲ್ ಪಂಪು ಹೊಡೆದವರಿಗೆ ಗೊತ್ತು, ನಾಲ್ಕು ಸಲ ಒತ್ತಿದರೆ ಪಂಪಿನ ತಳ ಮುಟ್ಟಲಾಗದಷ್ಟು ಸುಡುತ್ತದೆ. ಗಾಳಿಯನ್ನು ಒಮ್ಮೆಗೇ ಎಷ್ಟು ಪಟ್ಟು ಒತ್ತುತ್ತೀರಿ ಎನ್ನುವುದರ ಮೇಲೆ ಬಿಸಿ ನಿಂತಿದೆ. 225 ಬಾರ್ ಮುಟ್ಟಲು ನಾಲ್ಕು ಸ್ಟೇಜ್ ಇದ್ದರೆ ಒಂದೊಂದರಲ್ಲೂ ಸುಮಾರು 4 ಪಟ್ಟು ಒತ್ತಿದರೆ ಸಾಕು. ಮೂರು ಸ್ಟೇಜಾದರೆ 6 ಪಟ್ಟು, ಎರಡೇ ಆದರೆ 15 ಪಟ್ಟು. ಪ್ರತಿ ಸ್ಟೇಜಿಗೆ ಹೋಗುವ ಮುಂಚೆ ಗಾಳಿ 30 ಡಿಗ್ರಿಗೆ ತಣಿದಿದೆ, ಸಿಲಿಂಡರ್ ಗೋಡೆ ಶಾಖ ಹೀರುವುದಿಲ್ಲ ಎಂದಿಟ್ಟುಕೊಂಡು ಲೆಕ್ಕ ಹಾಕಿ: ನಾಲ್ಕು ಸ್ಟೇಜಿನಲ್ಲಿ ಹೊರಬೀಳುವ ಗಾಳಿ ಸುಮಾರು 177 ಡಿಗ್ರಿ, ಮೂರರಲ್ಲಿ 230, ಎರಡರಲ್ಲಿ 380. ನಿಜವಾದ ಯಂತ್ರದಲ್ಲಿ ಗೋಡೆ ಒಂದಿಷ್ಟು ಶಾಖ ಹೀರುವುದರಿಂದ ಇಷ್ಟು ಏರುವುದಿಲ್ಲ. ಆದರೆ ಯಾವುದು ಯಾವುದಕ್ಕಿಂತ ಎಷ್ಟು ಕೆಟ್ಟದ್ದು ಎನ್ನುವುದು ಬದಲಾಗದು.

ಪಿಸ್ಟನ್ ರಿಂಗ್ ದಾಟಿ ಮೇಲೆ ಬರುವ ಎಣ್ಣೆಯ ಪಸೆ ಈ ಬಿಸಿಗೆ ಸಿಗುತ್ತದೆ. ಒಗ್ಗರಣೆ ಸೌಟನ್ನು ಒಲೆಯ ಮೇಲೆ ಮರೆತರೆ ತಳದಲ್ಲಿ ಕಪ್ಪು ಅರಗಿನಂತೆ ಕೂರುತ್ತದಲ್ಲ, ವಾಲ್ವಿನ ತಟ್ಟೆಯ ಮೇಲೆ ಕೂರುವುದೂ ಅದೇ. ಅದು ಕೂತ ಮೇಲೆ ವಾಲ್ವು ಸರಿಯಾಗಿ ಮುಚ್ಚುವುದಿಲ್ಲ. ಆಗಲೇ ಕಾದಿರುವ ಗಾಳಿ ಹಿಂದಕ್ಕೆ ನುಸುಳಿ ಮತ್ತೆ ಒತ್ತಿಸಿಕೊಳ್ಳುತ್ತದೆ, ಇನ್ನಷ್ಟು ಕಾಯುತ್ತದೆ, ಇನ್ನಷ್ಟು ಎಣ್ಣೆ ಸೀಯುತ್ತದೆ. ಅರೆಬರೆ ಸುಟ್ಟ ಎಣ್ಣೆಯಿಂದ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಹೊರಗಿನ ಗಾಳಿ ಎಷ್ಟೇ ಶುದ್ಧವಾಗಿರಲಿ, ಯಂತ್ರವೇ ಒಳಗೆ ವಿಷ ಮಾಡುತ್ತದೆ. ಅಪರೂಪಕ್ಕೆ ಎಣ್ಣೆಯ ಆವಿ ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿದಂತೆ ಹೊತ್ತಿಯೂ ಬಿಡುತ್ತದೆ. ಒತ್ತಡ ಹೆಚ್ಚಿದಷ್ಟೂ ಎಣ್ಣೆ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ.

ಕಾರ್ಬನ್ ಮಾನಾಕ್ಸೈಡಿಗೆ ವಾಸನೆ, ರುಚಿ, ಬಣ್ಣ ಯಾವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅಂಟುತ್ತದೆ. ಯುರೋಪಿನ ಇಎನ್ 12021 ಮಾನದಂಡ ಉಸಿರಾಟದ ಗಾಳಿಯಲ್ಲಿ ಇದಕ್ಕೆ ಬಿಟ್ಟಿರುವ ಮಿತಿ 5 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 5 ಪಾಲು), ಅಮೆರಿಕದ ಗ್ರೇಡ್ ಇ ಗಾಳಿಗೆ 10. ಇಷ್ಟು ಬಿಗಿ ಯಾಕೆಂದರೆ, ನೀರಿನಲ್ಲಿ 18 ಮೀಟರ್ ಇಳಿದಾಗ ಸುತ್ತಲಿನ ಒತ್ತಡ 2.8 ಬಾರ್. ಸಿಲಿಂಡರಿನಲ್ಲಿ 15 ಪಿಪಿಎಂ ಇದ್ದರೆ ಅಲ್ಲಿ ಅದು ದಡದ ಮೇಲಿನ 42 ಪಿಪಿಎಂನಷ್ಟು ಜೋರು. ಆಳದಲ್ಲಿ ಆಮ್ಲಜನಕದ ಒತ್ತಡವೂ ಜಾಸ್ತಿ ಇರುವುದರಿಂದ ಮೈಗೆ ಗೊತ್ತಾಗದೆ ಹೋಗಬಹುದು. ಮೇಲೇರುವಾಗ ಆ ಆಸರೆ ತಪ್ಪುತ್ತದೆ, ವಿಷ ರಕ್ತದಲ್ಲೇ ಉಳಿದಿರುತ್ತದೆ. ಎಚ್ಚರ ತಪ್ಪಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಹಗುರ ಪ್ರಮಾಣದಲ್ಲಾದರೆ ತಲೆನೋವು, ವಾಕರಿಕೆ, ಸುಸ್ತು. ಅಲೆಯ ಮೇಲೆ ಕುಣಿಯುವ ದೋಣಿಯಲ್ಲಿ ಇವು ಬಂದರೆ ಯಾರೂ ಗಾಳಿಯನ್ನು ಅನುಮಾನಿಸುವುದಿಲ್ಲ, ಕಡಲ ಪಿತ್ತ ಎಂದು ಲಿಂಬೆಹಣ್ಣು ಮೂಸುತ್ತಾರೆ.

ಈಗ ಫ್ರಿಜ್ ಕಂಪ್ರೆಸರಿಗೆ ಬರೋಣ. ಮನೆಯ ಫ್ರಿಜ್ಜಿನದ್ದು ಹತ್ತಿಪ್ಪತ್ತು ಬಾರಿಗೆಂದು ಮಾಡಿದ್ದು, ಪಂಕ್ಚರ್ ಅಂಗಡಿಯದ್ದು 8–10 ಬಾರಿಗೆ. ಸಾಲಾಗಿ ಜೋಡಿಸಿದರೆ ಒತ್ತಡ ಗುಣಾಕಾರವಾಗುತ್ತದೆ ಎನ್ನುವುದು ಕಾಗದದ ಮೇಲೆ ಸರಿ. ಆದರೆ ಪಿಸ್ಟನ್ ಮಾದರಿಯ ಫ್ರಿಜ್ ಕಂಪ್ರೆಸರಿನಲ್ಲಿ ಒಳಬರುವ ಗಾಳಿ ನೇರ ಸಿಲಿಂಡರಿಗೆ ಹೋಗುವುದಿಲ್ಲ, ಆ ಕಪ್ಪು ಗಡಿಗೆಯಂಥ ಶೆಲ್ ಪೂರ್ತಿ ತುಂಬುತ್ತದೆ. ಕೆಳಗೆ ಎಣ್ಣೆ, ನಡುವೆ ಮೋಟರಿನ ಸುರುಳಿ. ಫ್ರಿಜ್ಜಿನಲ್ಲಿ ವಾಪಸು ಬರುವ ತಣ್ಣನೆಯ ಅನಿಲವೇ ಆ ಮೋಟರನ್ನು ತಣಿಸುತ್ತಿತ್ತು. ನೀವು ಕೊಡುವುದು ಬೆಚ್ಚಗಿನ, ಆಮ್ಲಜನಕ ತುಂಬಿದ, ಒತ್ತಿದ ಗಾಳಿ. ಮುಚ್ಚಿದ ಉಕ್ಕಿನ ಡಬ್ಬಿಯಲ್ಲಿ ಎಣ್ಣೆ, ಒತ್ತಿದ ಗಾಳಿ, ಕಾದ ಸುರುಳಿ ಮೂರನ್ನೂ ಒಟ್ಟಿಗೆ ಇಟ್ಟಂತಾಯಿತು. ಸಾಲದ್ದಕ್ಕೆ ಆ ಎಣ್ಣೆಯಲ್ಲಿ ಹಳೆಯ ಶೀತಕ ಕರಗಿ ಉಳಿದಿರುತ್ತದೆ. ಹೊಸ ಫ್ರಿಜ್ಜಿನ ಆರ್-600ಎ ಎಂದರೆ ಐಸೊಬ್ಯುಟೇನ್, ಹೊತ್ತಿ ಉರಿಯುವ ಅನಿಲ. ಹಳೆಯ ಆರ್-12, ಆರ್-134ಎ ಬಿಸಿಗೆ ಒಡೆದರೆ ಶ್ವಾಸಕೋಶ ಸುಡುವ ಆಮ್ಲದ ಆವಿ. ಯಾವ ಇದ್ದಿಲೂ ಇದನ್ನು ಉಸಿರಾಡಬಲ್ಲ ಗಾಳಿ ಮಾಡಿಕೊಡುವುದಿಲ್ಲ.

ಏರ್‌ಗನ್ ಕಂಪ್ರೆಸರ್ ಸುಳ್ಳು ಹೇಳುವುದಿಲ್ಲ, 300 ಬಾರ್ ಕೊಡುತ್ತದೆ. ಆದರೆ ಅಗ್ಗದ್ದರಲ್ಲಿ ಹೆಚ್ಚಿನವು ಎರಡೇ ಸ್ಟೇಜಿನವು, ಬಕೆಟ್ಟಿನಲ್ಲಿಟ್ಟ ಸಣ್ಣ ಪಂಪಿನಿಂದ ನೀರು ಹರಿಸಿ ತಣಿಸಿಕೊಳ್ಳುವವು. ಅರ್ಧ ಲೀಟರಿನ ಬಾಟಲಿಯನ್ನು ಕೆಲವೇ ನಿಮಿಷದಲ್ಲಿ ತುಂಬಿ ನಿಲ್ಲುವುದಕ್ಕೆ ಅಷ್ಟು ಸಾಕು. ನಿಮ್ಮ ಸಿಲಿಂಡರಿನ ಒಳಗಾತ್ರ 11.1 ಲೀಟರ್. ಪೂರ್ತಿ ಭರ್ತಿಯ ಒತ್ತಡವಾದ 207 ಬಾರಿಗೆ ಅದರಲ್ಲಿ ಸುಮಾರು 2,200 ಲೀಟರ್ ಗಾಳಿ ಹೋಗಬೇಕು. ನಿಮಿಷಕ್ಕೆ 40 ಲೀಟರ್ ಕೊಡುವ ಯಂತ್ರ ಒಂದು ಸಿಲಿಂಡರಿಗೇ 55 ನಿಮಿಷ ಎಡೆಬಿಡದೆ ಓಡಬೇಕು, ಅದೂ ಕೊನೆಯ ಅರ್ಧ ಪೂರ್ತಿ ಹೆಚ್ಚಿನ ಒತ್ತಡದಲ್ಲಿ. ಹೊತ್ತು ಹೋದಂತೆ ಬಕೆಟ್ಟಿನ ನೀರೂ ಬೆಚ್ಚಗಾಗುತ್ತದೆ. ಮೇಲೆ ಹೇಳಿದ ಸೀದ ಎಣ್ಣೆಯ ಕತೆ ಇಲ್ಲಿ ಶುರು. ಯಂತ್ರದ ಜತೆ ಬರುವ ಫಿಲ್ಟರ್ ಒಂದು ತುಂಡು ಹತ್ತಿ. ಬಂದೂಕಿಗೆ ಶ್ವಾಸಕೋಶ ಇಲ್ಲವಾದ್ದರಿಂದ ಅದಕ್ಕೆ ಅಷ್ಟು ಧಾರಾಳ.

ಇದ್ದಿಲಿನ ಫಿಲ್ಟರ್ ಇದನ್ನೆಲ್ಲ ಸರಿಮಾಡುತ್ತದೆ ಎನ್ನುವುದು ತುಂಬ ಜನರ ನಂಬಿಕೆ. ಸಕ್ರಿಯ ಇದ್ದಿಲು ಎಣ್ಣೆಯ ಆವಿ, ವಾಸನೆ ಹಿಡಿಯುತ್ತದೆ, ಅಷ್ಟೇ. ಕಾರ್ಬನ್ ಮಾನಾಕ್ಸೈಡ್ ಅದರೊಳಗಿಂದ ಸಲೀಸಾಗಿ ಹೋಗುತ್ತದೆ. ಅದನ್ನು ಹಿಡಿಯಲು ಹಾಪ್‌ಕಲೈಟ್ ಬೇಕು. ಅದು ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡುಗಳ ಮಿಶ್ರಣ, ಮಾನಾಕ್ಸೈಡನ್ನು ಡೈಆಕ್ಸೈಡ್ ಮಾಡಿ ಬಿಡುತ್ತದೆ. ಆದರೆ ಹಾಪ್‌ಕಲೈಟಿಗೆ ತೇವ ತಗುಲಿದರೆ ಕೆಲಸ ನಿಲ್ಲಿಸುತ್ತದೆ. ಇದ್ದಿಲು ಕೂಡ ಒದ್ದೆಯಾದರೆ ಅರ್ಧ ಸತ್ತಂತೆ. ಹೀಗೆ ಫಿಲ್ಟರಿನ ಪ್ರಶ್ನೆ ಸುತ್ತಿ ಬಂದು ನಿಲ್ಲುವುದು ನೀರಿನ ಪ್ರಶ್ನೆಯಲ್ಲಿ.

ಕರಾವಳಿಯಲ್ಲಿ ಇದು ದೊಡ್ಡ ಪ್ರಶ್ನೆ. 30 ಡಿಗ್ರಿ ಬಿಸಿ, 80 ಶೇಕಡ ತೇವ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. ನಿಮ್ಮ ಒಂದು ಸಿಲಿಂಡರಿಗೆ ಬೇಕಾದ 2.2 ಘನ ಮೀಟರಿನಲ್ಲಿ 53 ಗ್ರಾಂ, ಹೆಚ್ಚುಕಡಿಮೆ ಒಂದು ಬೈಟು ಕಾಫಿಯಷ್ಟು. ಇದರಲ್ಲಿ ಬಹುಪಾಲು ಒತ್ತಡಕ್ಕೆ ಹಿಂಡಿಕೊಂಡು ನೀರು ಬೇರ್ಪಡಿಸುವ ಸೆಪರೇಟರಿನ ತಳದಲ್ಲಿ ನಿಲ್ಲುತ್ತದೆ. ಹತ್ತು–ಹದಿನೈದು ನಿಮಿಷಕ್ಕೊಮ್ಮೆ ಅಲ್ಲಿಯ ಡ್ರೈನ್ ತೆಗೆದು ಹೊರಬಿಡಬೇಕು. ಹಾಲಿನಂಥ ಬಿಳಿ ನೀರು ಬಂದರೆ ಎಣ್ಣೆ ಬೆರೆತಿದೆ ಎಂದರ್ಥ, ಸ್ವಲ್ಪ ಬರುವುದು ಸಹಜ. ಕಂದು ಬಣ್ಣ, ಸೀದ ವಾಸನೆ ಬಂದರೆ ಅವತ್ತಿನ ಕೆಲಸ ಅಲ್ಲಿಗೆ ನಿಲ್ಲಿಸಿ ವಾಲ್ವು ಬಿಚ್ಚಿ ನೋಡಬೇಕು.

ಸೆಪರೇಟರ್ ದಾಟಿದ ಗಾಳಿಯಲ್ಲೂ ಆವಿ ಉಳಿಯುತ್ತದೆ. 40 ಡಿಗ್ರಿಯಲ್ಲಿ ಹೊರಬರುವ ಗಾಳಿ 225 ಬಾರಿನಲ್ಲಿದ್ದರೆ, ಒತ್ತಡ ಬಿಡಿಸಿದ ಒಂದು ಘನ ಮೀಟರ್ ಗಾಳಿಗೆ ಸುಮಾರು 230 ಮಿಲಿಗ್ರಾಂ ನೀರು. ಅದೇ ಗಾಳಿ 50 ಬಾರಿನಲ್ಲಿದ್ದರೆ 1,000 ಮಿಲಿಗ್ರಾಂ. ಇಎನ್ 12021 ಪ್ರಕಾರ 200 ಬಾರಿನ ಸಿಲಿಂಡರಿನಲ್ಲಿ ಇರಬಹುದಾದದ್ದು 50 ಮಿಲಿಗ್ರಾಂ. ಖಾಲಿ ಸಿಲಿಂಡರಿಗೆ ಹೋಸು ಸಿಕ್ಕಿಸಿ ಯಂತ್ರ ಚಾಲು ಮಾಡಿದರೆ ಮೊದಲರ್ಧ ಹೊತ್ತು ಫಿಲ್ಟರಿನ ಒಳಗಿರುವುದು ಇಂಥ ಕಡಿಮೆ ಒತ್ತಡವೇ. ನಾಲ್ಕು ಪಟ್ಟು ನೀರು ಫಿಲ್ಟರಿನ ತಲೆಗೆ ಬೀಳುತ್ತದೆ. ಇದನ್ನು ತಪ್ಪಿಸಲು ಫಿಲ್ಟರಿನ ಹೊರಬಾಯಲ್ಲಿ ಪ್ರೆಶರ್ ಮೇಂಟೇನಿಂಗ್ ವಾಲ್ವ್ ಇರುತ್ತದೆ. ಫಿಲ್ಟರಿನೊಳಗೆ ನೂರು ಬಾರಿಗೂ ಹೆಚ್ಚು ಒತ್ತಡ ಕಟ್ಟುವ ತನಕ ಅದು ಗಾಳಿಯನ್ನು ಮುಂದೆ ಬಿಡುವುದಿಲ್ಲ. ಮನೆಯಲ್ಲಿ ಕಟ್ಟಿದ ಫಿಲ್ಟರುಗಳಲ್ಲಿ ಮೊದಲು ಕೈಬಿಡುವ ಭಾಗವೂ ಇದೇ, ‘ಇಲ್ಲದಿದ್ದರೂ ತುಂಬುತ್ತದಲ್ಲ’ ಎಂದು.

ಫಿಲ್ಟರಿನ ಸಾಲು ಹೀಗೆ: ಸೆಪರೇಟರಿನ ನಂತರ ನೀರು ಹೀರುವ ಮಾಲಿಕ್ಯುಲರ್ ಸೀವ್ 13ಎಕ್ಸ್ ಕಾಳುಗಳು, ಆಮೇಲೆ ಇದ್ದಿಲು, ಹಾಪ್‌ಕಲೈಟ್, ಕೊನೆಗೆ ಧೂಳು ತಡೆಯುವ ಫೆಲ್ಟ್. ಸೀವ್ ತನ್ನ ತೂಕದ ಐದನೇ ಒಂದು ಭಾಗದಷ್ಟು ನೀರು ಹೀರಬಲ್ಲದು. 200 ಗ್ರಾಂ ಇದ್ದರೆ 40 ಗ್ರಾಂ ನೀರು. ಸಿಲಿಂಡರಿಗೆ ಅರ್ಧ ಗ್ರಾಂ ಹೋಗುತ್ತದೆ ಎಂದರೆ ಲೆಕ್ಕಕ್ಕೆ 80 ಸಿಲಿಂಡರ್, ವ್ಯವಹಾರಕ್ಕೆ ಅದರ ಅರ್ಧ ಹಿಡಿಯಿರಿ. ಮೇಂಟೇನಿಂಗ್ ವಾಲ್ವ್ ಇಲ್ಲದಿದ್ದರೆ ಅದೂ ಇಲ್ಲ. ಕಂಪ್ರೆಸರಿನ ಕಂಪನಿ ಕೊಡುವ ಸೀಲ್ ಮಾಡಿದ ಕಾರ್ಟ್ರಿಜ್ ಸಿಗುವುದಾದರೆ ಅದನ್ನೇ ಹಾಕಿ. ಕೈಯಿಂದ ತುಂಬಿದ ಕಾಳು ಸಡಿಲಾಗಿ ಕೂತರೆ ಗಾಳಿ ಸಂದಿ ಹಿಡಿದು ಹೋಗುತ್ತದೆ, ಮುಕ್ಕಾಲು ಭಾಗ ಕಾಳಿಗೆ ಮುಟ್ಟುವುದೇ ಇಲ್ಲ.

ಈಗ ಸಿಡಿತದ ಮಾತು. 2 ಇಂಚಿನ ಪೈಪಿನ ಮುಚ್ಚಳದ ಮೇಲೆ 207 ಬಾರಿನಲ್ಲಿ ಬೀಳುವ ನೂಕು 4 ಟನ್ನಿಗೂ ಹೆಚ್ಚು. ಪೈಪಿನ ದಪ್ಪ ಸುಮಾರು 3.6 ಮಿಲಿಮೀಟರ್. ಬರೀ ಪೈಪೇ ಆ ಒತ್ತಡಕ್ಕೆ ಉಕ್ಕು ಹಿಗ್ಗತೊಡಗುವ ಅಂಚಿಗೆ ಬಂದು ನಿಲ್ಲುತ್ತದೆ. ನೀವು ಅದರ ತುದಿಗೆ ಚೂಡಿ (ಥ್ರೆಡ್) ಕೊಯ್ದಾಗ ಒಂದೂವರೆ ಮಿಲಿಮೀಟರ್ ಹೋಯಿತು, ಉಳಿದದ್ದು ಎರಡು. ಅಲ್ಲಿ ಅದು ತಡೆಯುವುದಿಲ್ಲ. ಮೊದಲ ದಿನ ತಡೆದರೂ ಪ್ರತಿ ಸಲ ತುಂಬಿ ಬಿಡುವಾಗ ಚೂಡಿಯ ಬುಡದಲ್ಲಿ ಬಿರುಕು ಕೂದಲೆಳೆಯಷ್ಟು ಮುಂದೆ ಹೋಗುತ್ತಿರುತ್ತದೆ. ಪಿವಿಸಿ ಬಗ್ಗೆ ನೀವು ಕೇಳಿಲ್ಲ, ಕೇಳಬೇಡಿ. ಮನೆಯ ನೀರಿನ ಪಿವಿಸಿ 6 ಅಥವಾ 10 ಬಾರಿನದು, ಒಡೆದರೆ ಗಾಜಿನಂತೆ ಚೂರಾಗುತ್ತದೆ.

ಸಿಲಿಂಡರಿನದ್ದೇ ಬೇರೆ ಲೆಕ್ಕ. ತುಂಬಿದ ಒಂದು ಸಿಲಿಂಡರಿನಲ್ಲಿ ಅಡಗಿರುವ ಶಕ್ತಿ ಸುಮಾರು 450 ಕಿಲೋಜೂಲ್, ಒಂದು ಟನ್ನಿನ ಕಾರನ್ನು ಮುರುಡೇಶ್ವರದ ಶಿವನ ನೆತ್ತಿಗಿಂತ ಮೇಲಕ್ಕೆ ಎತ್ತುವಷ್ಟು. 3,000 ಪಿಎಸ್‌ಐ (207 ಬಾರ್) ಗುರುತಿನ ಸಿಲಿಂಡರನ್ನು 5,000ಕ್ಕೆ ಪರೀಕ್ಷಿಸಿರುತ್ತಾರೆ ನಿಜ. ಆ ಅಂತರ ಇರುವುದು ಬಿಸಿಲು, ವಯಸ್ಸು, ಏಟುಗಳಿಗೆ. 300 ಬಾರಿನ ಯಂತ್ರ ಇದೆಯೆಂದು ನೀವು ಹೆಚ್ಚು ತುಂಬುವುದಕ್ಕಲ್ಲ. ಭುಜದ ಮೇಲಿನ ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡುವ ಒತ್ತಡ ಪರೀಕ್ಷೆ) ಮುದ್ರೆ ಐದು ವರ್ಷದೊಳಗಿನದ್ದೇ ನೋಡಿ. ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿ ಒಳಗೆ ಬೆಳಕು ಬಿಟ್ಟು ನೋಡಿಸಿ. ಸಿಲಿಂಡರ್ ಹಳೆಯ ಆಮದಿನದ್ದಾಗಿ 6351 ಮಿಶ್ರಲೋಹದ್ದಾದರೆ ಕುತ್ತಿಗೆಯಲ್ಲಿ ಬಿರುಕು ಬಿಡುವ ಕೆಟ್ಟ ಹೆಸರು ಅದಕ್ಕಿದೆ. ಈಗಿನವು 6061.

ಕಟ್ಟುವುದೇ ಆದರೆ ಹೀಗೆ ಕಟ್ಟಿ. ನಿಮಿಷಕ್ಕೆ 80–100 ಲೀಟರಿನ ಮೂರು ಸ್ಟೇಜಿನ ಬ್ಲಾಕ್ ನಿಮ್ಮ ಎರಡು ಸಿಲಿಂಡರಿಗೆ ಧಾರಾಳ, ಒಂದಕ್ಕೆ 22ರಿಂದ 28 ನಿಮಿಷ. 100 ಲೀಟರಿನದಕ್ಕೆ 2.2 ಕಿಲೋವ್ಯಾಟ್, ಅಂದರೆ 3 ಎಚ್‌ಪಿ ಮೋಟರ್ ಬೇಕು. ಪುಲ್ಲಿ ಅಳತೆಯನ್ನು ಬ್ಲಾಕಿಗೆ ಹೇಳಿದ ಆರ್‌ಪಿಎಂ ಮೀರದಂತೆ ಲೆಕ್ಕ ಹಾಕಿ. ಬೇಗ ತುಂಬಲಿ ಎಂದು ವೇಗ ಹೆಚ್ಚಿಸಿದರೆ ಬಿಸಿಯೂ ಹೆಚ್ಚಿತು. ತ್ರೀಫೇಸ್ ಮೋಟರಾದರೆ ತಿರುಗುವ ದಿಕ್ಕು ಪ್ರತಿ ಸಲ ನೋಡಬೇಕು. ಲೈನ್‌ಮನ್ ಫೇಸ್ ಅದಲುಬದಲು ಮಾಡಿ ಹೋದರೆ ಕಂಪ್ರೆಸರ್ ಗಾಳಿ ಒತ್ತುತ್ತಲೇ ಇರುತ್ತದೆ, ಫ್ಯಾನ್ ಮಾತ್ರ ಉಲ್ಟಾ ತಿರುಗಿ ತಣಿಸುವುದನ್ನು ಬಿಡುತ್ತದೆ.

ಸೇಫ್ಟಿ ವಾಲ್ವ್ ಕೊನೆಯಲ್ಲಿ ಒಂದಿದ್ದರೆ ಸಾಲದು, ಪ್ರತಿ ಸ್ಟೇಜಿಗೂ ಒಂದು ಬೇಕು. ಮೂರನೇ ಸ್ಟೇಜಿನ ವಾಲ್ವು ಸೋರಿದರೆ ಅಲ್ಲಿಯ ಒತ್ತಡ ಹಿಂದಿನ ಸ್ಟೇಜಿನ ತೆಳು ಕೊಳವೆಗೆ ನುಗ್ಗುತ್ತದೆ. ಹಿಂದಿನ ಸೇಫ್ಟಿ ವಾಲ್ವು ಬುಸುಗುಟ್ಟಿದರೆ ತಪ್ಪು ಅದರದ್ದಲ್ಲ, ಮುಂದಿನ ಸ್ಟೇಜಿನ ವಾಲ್ವಿನದ್ದು. ಅದನ್ನು ಬಿಗಿ ಮಾಡಿ ಬಾಯಿ ಮುಚ್ಚಿಸುವವರಿದ್ದಾರೆ, ನೀವು ಮಾಡಬೇಡಿ. ಎಣ್ಣೆ, ಬ್ಲಾಕಿನ ಕಂಪನಿ ಹೇಳಿದ ಉಸಿರಾಟದ ಗಾಳಿಯ ಕಂಪ್ರೆಸರ್ ಎಣ್ಣೆಯೇ ಆಗಬೇಕು. ಬೈಕಿನ ಎಂಜಿನ್ ಆಯಿಲ್ ಅಲ್ಲ.

ಗಾಳಿ ಎಳೆಯುವ ಹೋಸಿನ ಬಾಯಿ ಗಾಳಿ ಬೀಸಿ ಬರುವ ದಿಕ್ಕಿಗೆ, ಎತ್ತರದಲ್ಲಿ ಇರಲಿ. ಬಚ್ಚಲೊಲೆಯ ಹೊಗೆ, ಜನರೇಟರ್, ನಿಂತ ದೋಣಿಯ ಎಂಜಿನ್, ಪೇಂಟು, ಇವುಗಳ ಹತ್ತಿರ ಬೇಡ. ಪೆಟ್ರೋಲ್ ಎಂಜಿನ್ನಿನಿಂದ ಕಂಪ್ರೆಸರ್ ಓಡಿಸುವವರಿಗೆ ದೊಡ್ಡ ಶತ್ರು ಅದರದ್ದೇ ಸೈಲೆನ್ಸರ್. ಗಾಳಿ ತಿರುಗಿದರೆ ಹೊಗೆ ನೇರ ಸಿಲಿಂಡರಿಗೆ. ಮನೆಯಲ್ಲಾದರೆ ಕರೆಂಟಿನ ಮೋಟರೇ ಸರಿ. ತೋಟದ ನೀರಿನ ಸಣ್ಣ ಪೈಪು ಸಿಕ್ಕಿಸಬೇಡಿ, ಎಳೆತಕ್ಕೆ ತಡೆಯಾದರೆ ರಿಂಗ್ ದಾಟಿ ಎಣ್ಣೆ ಮೇಲೆ ಬರುತ್ತದೆ.

ತುಂಬುವಾಗ ಮೊದಲ ಐದು ನಿಮಿಷದ ಗಾಳಿಯನ್ನು ಹೊರಗೆ ಬಿಡಿ. ನಿಂತಿದ್ದ ಫಿಲ್ಟರಿನಿಂದ ವಾಸನೆ, ಡೈಆಕ್ಸೈಡ್ ಹೊರಡುವುದು ಆಗಲೇ. ಅದೇ ಹೊತ್ತಿಗೆ ಕಾರ್ಬನ್ ಮಾನಾಕ್ಸೈಡ್ ಅಳೆಯಿರಿ. ಗೋಡೆಗೆ ಹಾಕುವ ಮನೆಯ ಅಲಾರಂ ಇದಕ್ಕೆ ಬರುವುದಿಲ್ಲ, ಅದು ಕೂಗುವುದು ಹಲವು ಹತ್ತು ಪಿಪಿಎಂ ದಾಟಿ ಎಷ್ಟೋ ಹೊತ್ತಾದ ಮೇಲೆ. 1 ಪಿಪಿಎಂ ತೋರಿಸುವ, ಡೈವಿಂಗ್ ಗಾಳಿಗೆಂದೇ ಇರುವ ಮೀಟರ್ ಬೇಕು. ಎಳೆಯುವ ಬಾಯಿಯಲ್ಲಿ ಅಳೆದರೆ ಯಂತ್ರದೊಳಗೆ ಹುಟ್ಟಿದ್ದು ಸಿಗುವುದಿಲ್ಲ, ಅಳೆಯಬೇಕಾದದ್ದು ಹೊರಬರುವ ಗಾಳಿಯನ್ನು. ತುಂಬಿದ ಸಿಲಿಂಡರನ್ನೂ ಒಮ್ಮೆ ಅಳೆದು ಅಂಕಿ ಬರೆದಿಡಿ. ಬಿಳಿ ಬಟ್ಟೆಯ ಮೇಲೆ ಒಂದು ನಿಮಿಷ ಗಾಳಿ ಬಿಟ್ಟು ಕಲೆ ನೋಡುವುದು ಎಣ್ಣೆಯ ಒರಟು ಪರೀಕ್ಷೆ. ಕಲೆ ಬಂದರೆ ಗಾಳಿ ಕೆಟ್ಟದ್ದು, ಬರದಿದ್ದರೆ ಒಳ್ಳೆಯದು ಎಂದೇನಲ್ಲ. ಲ್ಯಾಬ್ ಪರೀಕ್ಷೆ ಆರು ತಿಂಗಳಿಗೊಮ್ಮೆಯಾದರೂ ಆಗಲಿ.

ಒತ್ತಡ ನಿಮಿಷಕ್ಕೆ 30 ಬಾರ್‌ಗಿಂತ ವೇಗವಾಗಿ ಏರುವುದು ಬೇಡ, ಚಿಕ್ಕ ಯಂತ್ರದಲ್ಲಿ ಅಷ್ಟು ವೇಗ ಹೇಗೂ ಬರುವುದಿಲ್ಲ. ಬೆಚ್ಚಗಿನ ಸಿಲಿಂಡರಿನಲ್ಲಿ 207 ತೋರಿಸಿದ್ದು ತಣ್ಣಗಾದಾಗ ಹತ್ತು–ಹದಿನೈದು ಬಾರ್ ಇಳಿದಿರುತ್ತದೆ. ಬೇಕಾದರೆ ಆಮೇಲೆ ಭರ್ತಿ ಮಾಡಿ, ಮೊದಲೇ 225 ಮಾಡಿಡಬೇಡಿ. ಬಿಚ್ಚುವಾಗ ಮೊದಲು ಸಿಲಿಂಡರ್ ವಾಲ್ವ್ ಮುಚ್ಚಿ, ಆಮೇಲೆ ಹೋಸಿನ ಗಾಳಿ ಪೂರ್ತಿ ಬಿಟ್ಟು, ಆಮೇಲೆ ಸ್ಕ್ರೂ ಸಡಿಲಿಸಿ. ಒತ್ತಡವಿರುವ ಹೋಸಿನ ತುದಿ ಕಳಚಿದರೆ ಹಾವಿನಂತೆ ಹೊಡೆದಾಡುತ್ತದೆ, ಹಲ್ಲು ಮುರಿಯಲು ಅಷ್ಟು ಸಾಕು. ಈ ಗಾಳಿಯ ಜತೆ ಆಮ್ಲಜನಕ ಬೆರೆಸಿ ನೈಟ್ರಾಕ್ಸ್ ಮಾಡುವ ಯೋಚನೆ ಎಂದಾದರೂ ಬಂದರೆ ಅಲ್ಲಿಗೇ ಬಿಡಿ. ಎಣ್ಣೆ ಪಸೆಯಿದ್ದ ಕಡೆ ಶುದ್ಧ ಆಮ್ಲಜನಕ ಬೆಂಕಿ.

ಕಾನೂನಿನ ಬಗ್ಗೆ ಎರಡು ಮಾತು. 500 ಮಿಲಿಲೀಟರಿಗಿಂತ ದೊಡ್ಡ ಸಿಲಿಂಡರಿಗೆ ಒತ್ತಿದ ಅನಿಲ ತುಂಬುವುದು ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ನಿಯಮಗಳು, 2016ರ ಅಡಿ ಬರುತ್ತದೆ. ಪರವಾನಗಿ ಕೊಡುವುದು ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ, ಅಂದರೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ‘ಮನೆಯಲ್ಲಿ ನನ್ನ ಬಳಕೆಗೆ ತಾನೆ’ ಎಂದರೂ ಪರವಾನಗಿ ತಪ್ಪುವುದಿಲ್ಲ. ಆದ್ದರಿಂದ ಹಣ ಹಾಕುವ ಮುಂಚೆ ಅವರ ಹತ್ತಿರದ ಕಚೇರಿಗೆ ಹೋಗಿ ಕೇಳಿ. ನೇತ್ರಾಣಿಗೆ ಹೋಗುವ ನಾಲ್ಕೈದು ಜನ ಸೇರಿ ಪರವಾನಗಿಯಿರುವವರಲ್ಲಿ ಒಟ್ಟಿಗೆ ತುಂಬಿಸುವ ವ್ಯವಸ್ಥೆ ಮಾಡಿಕೊಂಡರೆ ಓಡಾಟದ ತಾಪತ್ರಯ ಹೇಗೂ ಕಮ್ಮಿಯಾಗುತ್ತದೆ. ಹಾಗೆ ತುಂಬಿಸುವಾಗಲೂ ಮಾನಾಕ್ಸೈಡ್ ಮೀಟರ್ ನಿಮ್ಮದೇ ಇರಲಿ, ಮೊದಲು ಕೊಳ್ಳಬೇಕಾದ ಸಾಮಾನು ಅದು.

ಗುಜರಿಯಿಂದ ತಂದ ಫ್ರಿಜ್ ಕಂಪ್ರೆಸರುಗಳನ್ನು ಎಸೆಯಬೇಕಾಗಿಲ್ಲ. ಒಂದನ್ನು ಮೂರ್ನಾಲ್ಕು ಬಾರಿನ ಸೇಫ್ಟಿ ವಾಲ್ವಿರುವ ಚಿಕ್ಕ ಟ್ಯಾಂಕಿಗೆ ಜೋಡಿಸಿದರೆ ಬಣ್ಣ ಹೊಡೆಯುವ ಏರ್‌ಬ್ರಶ್ಶಿಗೆ ಆಗುತ್ತದೆ. ಸದ್ದೂ ಕಡಿಮೆ.